ಎಣ್ಣೆ ಕಾಣದ ಕೂಲರ್

ಜನವರಿ 9

ಅಪ್ಪನಿಗೆ ನಮಸ್ಕಾರಗಳು.

ಹದಿನಾಲ್ಕು ತಿಂಗಳ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ನಿಮ್ಮ ಕಿವಿ ಈಗ ಪೂರ್ತಿ ಹೋಯಿತು, ಫೋನು ಕೈಗೆ ಕೊಟ್ಟರೆ ಅದಕ್ಕೇ ಬೈಯುತ್ತೀರಿ ಅಂತ ಅಕ್ಕ ಹೇಳಿದಳು. ನಲವತ್ತು ವರ್ಷ ಗ್ಯಾರೇಜಿನಲ್ಲಿ ಸುತ್ತಿಗೆ ಸದ್ದು ತಿಂದ ಕಿವಿ, ಇಷ್ಟು ದಿನ ಬಾಳಿದ್ದೇ ಹೆಚ್ಚು.

ಮೊಮ್ಮಗಳಿಗೆ ಈಗ ಹತ್ತು ತಿಂಗಳು. ಬೆಳಿಗ್ಗೆ ಹನ್ನೊಂದಕ್ಕೆ ಒಂದು ನಿದ್ದೆ ಮಾಡುತ್ತಾಳೆ. ನನಗೆ ಸಿಗುವ ಹೊತ್ತು ಅದೇ. ಮಗು ಮಲಗಿದಾಗ ನೀನೂ ಮಲಗು ಅಂತ ಕಂಡವರೆಲ್ಲ ಬುದ್ಧಿ ಹೇಳುತ್ತಾರೆ. ನಾನು ಅವಳ ಹೊಟ್ಟೆ ಏರಿ ಇಳಿಯುವುದನ್ನು ಎಣಿಸುತ್ತ ಕೂರುತ್ತೇನೆ. ಬಿಎಸ್ಸಿ ಮಾಡಿದ್ದಕ್ಕೆ ನೋಟ್ ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿಡುತ್ತೇನೆ, ಅಷ್ಟೇ ವ್ಯತ್ಯಾಸ.

ಹೋದ ತಿಂಗಳು ಜ್ವರ ನೆತ್ತಿಗೇರಿ ಅವಳಿಗೆ ಫಿಟ್ಸ್ ಬಂತು. ಕಣ್ಣು ಮೇಲೆ ಸಿಕ್ಕಿಕೊಂಡಿತು, ತುಟಿ ನೀಲಿಯಾಯಿತು. ಆಸ್ಪತ್ರೆ ಗುಡ್ಡದ ಏರಿನ ಆಚೆ. ಅಂಗಳದಲ್ಲಿ ನಮ್ಮದೇ ಪಿಕಪ್ಪು ಟಾರ್ಪಾಲು ಹೊದ್ದು ನಿಂತಿದೆ, ನಾನು ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ಕಂಡ ಗಾಡಿಗೆಲ್ಲ ಕೈ ಅಡ್ಡ ಹಿಡಿಯುತ್ತ ಓಡಿದೆ. ತರಕಾರಿ ವ್ಯಾನಿನವನೊಬ್ಬ ಹತ್ತಿಸಿಕೊಂಡ. ತಲುಪುವ ಹೊತ್ತಿಗೆ ಮುಕ್ಕಾಲು ಗಂಟೆ. ಬದುಕಿದಳು. "ಮತ್ತೆ ಬರಬಹುದು. ಐದು ನಿಮಿಷ ಮೀರಿದರೆ ಮಾತ್ರ ತಡ ಮಾಡಬೇಡಿ" ಅಂದರು ಡಾಕ್ಟರು. ತಡ ಮಾಡಬಾರದು ಅಂದರೆ ಮನೆಯಲ್ಲಿ ಓಡುವ ಗಾಡಿ ಇರಬೇಕು.

ಇವರು ಅದನ್ನು ಮುಟ್ಟುವುದಿಲ್ಲ. ಅತ್ತೆ ಹೋದ ದಿನದಿಂದ ಸ್ಟೀರಿಂಗ್ ಹಿಡಿದಿಲ್ಲ. ಅವರಿಗೆ ಎದೆನೋವು ಬಂದು ಅದೇ ಪಿಕಪ್ಪಿನಲ್ಲಿ ಕರೆದೊಯ್ಯುವಾಗ ಏರಿನ ನಾಲ್ಕನೇ ತಿರುವಿನಲ್ಲಿ ಗೇರು ಹಿಡಿಯದೆ ಗಾಡಿ ನಿಂತಿದ್ದು, ಬೇರೆ ಗಾಡಿ ಸಿಗುವಷ್ಟರಲ್ಲಿ ಅವರು ಇವರ ತೊಡೆಯ ಮೇಲೆ ಕಣ್ಣು ಮುಚ್ಚಿದ್ದು, ಎಲ್ಲ ನಿಮಗೆ ಗೊತ್ತು. ಮಾರನೆಯ ದಿನ ನೀವೇ ಬಂದು ಬಾನೆಟ್ ಎತ್ತಿ ನೋಡಿ, "ಗೇರ್ ಎಣ್ಣೆ ಸುಟ್ಟು ಕರ‍್ರಗಾಗಿದೆ. ಗಾಡೀನ ಮಿತಿ ಮೀರಿ ದುಡಿಸಿದಾರೆ" ಅಂದಿರಿ. ಅಲ್ಲಿದ್ದವರೆಲ್ಲ ಇವರ ಮುಖ ನೋಡಿದರು. ಅಂದಿನಿಂದ ಇವರು ಗೋದಾಮಿನಲ್ಲಿ ಮೂಟೆ ಹೊರುತ್ತಾರೆ. ನಡೆದೇ ಹೋಗುತ್ತಾರೆ, ನಡೆದೇ ಬರುತ್ತಾರೆ.

ಮೊನ್ನೆ ಬೀದಿ ತುದಿಯ ಪಂಕ್ಚರ್ ಅಂಗಡಿಯವನನ್ನು ಕರೆದು ತೋರಿಸಿದೆ. ಎಣ್ಣೆ ಬದಲಿಸಿ, ಹಿಂದೆ ಮುಂದೆ ಓಡಿಸಿ ನೋಡಿದ. "ಇಂಜಿನ್ ಚೆನ್ನಾಗಿದೆ ಅಕ್ಕಾ. ಆಟೋಮ್ಯಾಟಿಕ್ ಗೇರು ನೋಡಿ, ತಣ್ಣಗಿರೋವರ್ಗೂ ಬೆಣ್ಣೆ, ಕಾದ್ರೆ ಮುನಿಸ್ಕೊಳ್ಳುತ್ತೆ, ಥೇಟ್ ನಮ್ಮನೆಯವಳ ಥರ. ಗೇರ್ ಎಣ್ಣೆ ತಣಿಸೋ ಕೂಲರ್ ಒಳಗೆ ಕಸ ಕಟ್ಕೊಂಡಿರ್ಬೇಕು, ಅದನ್ನ ಬದಲಾಯ್ಸಿ. ನನಗೆ ಟೈರು ಬಿಟ್ರೆ ಬೇರೆ ಬರಲ್ಲ" ಅಂದ.

ನಾನೇ ಬದಲಾಯಿಸುತ್ತೇನೆ. ಹೇಗೆ ಅಂತ ಬರೆಯಿರಿ.

ನಿಮ್ಮ ಕಿರಿ ಮಗಳು


ಜನವರಿ 20

ಮಗಳಿಗೆ ಆಶೀರ್ವಾದ.

ಕಾಗದ ಬಂತು. ಮೂರು ಸಲ ಓದಿದೆ. ಮಾತ್ರೆ ನುಂಗು ಅಂದರೆ ಕೇಳಿಸಲ್ಲ, ಊಟಕ್ಕೆ ಬಾ ಅಂದರೆ ಮಾತ್ರ ಎರಡು ಕಿವಿಯೂ ನೆಟ್ಟಗಾಗುತ್ತೆ ಅಂತ ನಿನ್ನಕ್ಕ ಆಡಿಕೊಳ್ಳುತ್ತಾಳೆ. ಅದನ್ನೂ ಅವಳ ತುಟಿ ನೋಡಿಯೇ ತಿಳಿದುಕೊಂಡೆ.

ಮಗುವನ್ನು ಜೋಪಾನ ಮಾಡು. ಜ್ವರ ಬಂದ ಕೂಡಲೇ ಒದ್ದೆ ಬಟ್ಟೆ ಹಾಕು.

ಇನ್ನು ಗಾಡಿ. ಅದನ್ನು ಮುಟ್ಟಬೇಡ. ಒಂದು ಸಲ ಎಣ್ಣೆ ಸುಟ್ಟ ಗೇರ್ ಬಾಕ್ಸು ಒಡೆದ ಮಡಕೆ ಇದ್ದ ಹಾಗೆ, ಎಷ್ಟು ಮೆತ್ತಿದರೂ ನೀರು ನಿಲ್ಲಲ್ಲ. ಗುಜರಿಗೆ ಹಾಕಿಬಿಡು. ಯಾರಾದರೂ ಬಾಡಿಗೆ ಗಾಡಿಯವನನ್ನು ಗೊತ್ತು ಮಾಡಿಟ್ಟುಕೋ. ಹಾಲು ಕುಡಿಸುವ ಕೈಗೆ ಗ್ರೀಸು ಯಾಕೆ? ನಿನ್ನನ್ನು ಕಾಲೇಜಿಗೆ ಕಳಿಸಿದ್ದು ಗಾಡಿ ಅಡಿ ಮಲಗಲಿ ಅಂತ ಅಲ್ಲ.

ಅಳಿಯಂದಿರನ್ನು ಕೇಳಿದೆ ಅಂತ ಹೇಳು.

ಇತಿ,
ಅಪ್ಪ


ಫೆಬ್ರವರಿ 2

ಅಪ್ಪಾ,

ಶುಕ್ರವಾರ ಅವಳಿಗೆ ಮತ್ತೆ ಬಂತು. ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡುತ್ತ ಕೂತೆ. ನಾಲ್ಕು ನಿಮಿಷಕ್ಕೆ ನಿಂತಿತು. ಬಾಡಿಗೆ ಗಾಡಿಯವನನ್ನು ಗೊತ್ತು ಮಾಡಿಯೇ ಇಟ್ಟಿದ್ದೆ. ಫೋನು ಮಾಡಿದರೆ "ಹೊರಗಡೆ ಬಂದಿದೀನಿ ಮೇಡಂ, ಎರಡು ಗಂಟೆ ಆಗುತ್ತೆ" ಅಂದ. ಐದನೇ ನಿಮಿಷ ಬಂದಿದ್ದರೆ ಅವಳನ್ನು ಎತ್ತಿಕೊಂಡು ಯಾರ ಬಾಗಿಲು ಬಡಿಯಲಿ? ಆಮೇಲೆ ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅಕ್ಕಿ ಆರಿಸಿದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ ಅಂತ ಕೊನೆಗೆ ಗೊತ್ತಾಯಿತು.

ಹೊಸ ಕೂಲರ್ ತರಿಸಿದ್ದೇನೆ. ದಪ್ಪ ನಿಘಂಟಿನಷ್ಟಿದೆ. ಅಟ್ಟದ ಮೇಲೆ ಇಟ್ಟಿದ್ದು ಇವರ ಕಣ್ಣಿಗೆ ಬಿತ್ತು.

"ಏನಿದು?"

"ಗಾಡಿಗೆ."

"ನನ್ನ ಕೈಲಿ ಆಗಲ್ಲ."

"ನಿಮ್ಮನ್ನ ಕೇಳ್ಲಿಲ್ವಲ್ಲ."

ಕೂಲರಿನ ಡಬ್ಬವನ್ನು ತಿರುಗಿಸಿ ನೋಡಿದರು. "ಗಾಡಿಗೇನೂ ಆಗಿಲ್ಲ ಕಣೇ. ಆವತ್ತು ಬೆಳಿಗ್ಗೆ ಎರಡು ಟ್ರಿಪ್ ಸಿಮೆಂಟ್ ಹೊಡೆದಿದ್ದೆ. ಎರಡನೇದು ಬೇಡ ಅಂದಿದ್ರೆ ಅಮ್ಮ ಇರ್ತಿದ್ಲು" ಅಂದರು. ಹದಿನೈದು ತಿಂಗಳಲ್ಲಿ ಆ ವಿಷಯವಾಗಿ ಅವರು ಆಡಿದ ಮೊದಲ ಮಾತು. ಆಮೇಲೆ ಮಗುವಿನ ಬಟ್ಟೆ ಒಗೆಯಲು ಹೋದರು. ಮನೆಯಲ್ಲಿ ಎಲ್ಲ ಕೆಲಸವನ್ನೂ ಮಾಡುತ್ತಾರೆ, ಶಿಕ್ಷೆ ಅನುಭವಿಸುವವರ ಹಾಗೆ.

ನಾನು ಎಂಟನೇ ವಯಸ್ಸಿನಿಂದ ನಿಮಗೆ ಟಾರ್ಚ್ ಹಿಡಿದವಳು. ಬೆಳಕು ಸ್ವಲ್ಪ ಅಲುಗಿದರೂ "ದೀಪ ನನಗೆ ಹಿಡಿ, ನಿನ್ನ ಕನಸಿಗಲ್ಲ" ಅನ್ನುತ್ತಿದ್ದಿರಿ. ಹಳೇ ಪೈಪು ತೊಳೆಯದೆ ಹೊಸ ಕೂಲರ್ ಹಾಕುವುದು ಸ್ನಾನ ಮಾಡದೆ ಹೊಸ ಬಟ್ಟೆ ಹಾಕಿದ ಹಾಗೆ ಅಂತ ಹೇಳಿದ್ದೂ ನೆನಪಿದೆ. ಉಳಿದದ್ದು ಮರೆತಿದ್ದೇನೆ. ನೀವು ಬರೆಯದಿದ್ದರೂ ಬಿಚ್ಚುತ್ತೇನೆ. ಬರೆದರೆ ತಪ್ಪು ಕಡಿಮೆಯಾಗುತ್ತದೆ.

ನಿಮ್ಮ ಮಗಳು


ಫೆಬ್ರವರಿ 11

ಮಗಳಿಗೆ,

ಹಠ ನಿಮ್ಮಮ್ಮನದು. ಆಯಿತು, ಕೇಳು.

ಇಂಜಿನ್ ತಣ್ಣಗಿರುವಾಗ ಶುರು ಮಾಡು. ಚಕ್ರಕ್ಕೆ ಕಲ್ಲು ಕೊಡು. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡ, ಸ್ಟ್ಯಾಂಡ್ ಇಡು. ಮುಂದಿನ ಜಾಲರಿ ಬಿಚ್ಚಬೇಡ. ರೇಡಿಯೇಟರ್ ಕೆಳಗಿನ ತಗಡೂ ಬಿಚ್ಚಬೇಡ, ಅದರ ಬೋಲ್ಟು ತುಕ್ಕು ಹಿಡಿದಿರುತ್ತೆ, ಮುರಿದರೆ ನಿನಗೆ ತೆಗೆಯಕ್ಕೆ ಬರಲ್ಲ. ಗೇರ್ ಬಾಕ್ಸಿನ ಪಕ್ಕದಿಂದ ಎರಡು ಕಬ್ಬಿಣದ ಪೈಪು ಮುಂದಕ್ಕೆ ಹೊರಡುತ್ತೆ. ಒಂದರಲ್ಲಿ ಬಿಸಿ ಎಣ್ಣೆ ಹೋಗೋದು, ಇನ್ನೊಂದರಲ್ಲಿ ತಣಿದು ಬರೋದು. ಅಲ್ಲೇ ಗರಗಸದಲ್ಲಿ ಎರಡನ್ನೂ ಕೊಯ್ದು, ರಬ್ಬರ್ ಪೈಪು ಸಿಕ್ಕಿಸಿ ಕ್ಲಿಪ್ ಬಿಗಿ. ಬಲಗಡೆಯಿಂದ ಮುಂದಕ್ಕೆ ಎಳೆದುಕೊಂಡು ಬಂದು ಹೊಸ ಕೂಲರಿಗೆ ಕೊಡು, ಕೂಲರನ್ನು ಜಾಲರಿಯ ಹೊರಗೇ ಕಟ್ಟು. ಹಳೇ ಕೂಲರು, ಅದರ ಮುಂದಿನ ಪೈಪು ಇದ್ದಲ್ಲೇ ಇರಲಿ, ತಂಟೆಗೆ ಹೋಗಬೇಡ.

ಎಣ್ಣೆ ಹಾಕಿ, ಬ್ರೇಕ್ ಒತ್ತಿಕೊಂಡು ಗೇರನ್ನು ರಿವರ್ಸ್, ನ್ಯೂಟ್ರಲ್ ಹೀಗೆ ಒಂದೊಂದಾಗಿ ಎಲ್ಲ ಮನೆಗೂ ಹಾಕಿ ತೆಗಿ. ಎಣ್ಣೆ ಅಳೆಯುವ ಕಡ್ಡಿ ನೋಡಿ ಕಡಿಮೆ ಇದ್ದರೆ ಮತ್ತೆ ಹಾಕು.

ನಾನು ಹೇಳಿದಷ್ಟೇ ಮಾಡು.

ಅಪ್ಪ


ಫೆಬ್ರವರಿ 19

ಅಪ್ಪಾ,

ನಿಮ್ಮ ಕಾಗದ ನನಗೆ ಕಲಿಸಿದವರು ಬರೆದ ಹಾಗೆ ಇರಲಿಲ್ಲ. ಆದರೂ ಅದರಂತೆಯೇ ಶುರು ಮಾಡಿದೆ. ಎದುರು ಮನೆಯ ಟೈಲರಮ್ಮನ ಹತ್ತಿರ ಮಗು ಬಿಟ್ಟು, ಬೆಳಿಗ್ಗೆ ಎಂಟಕ್ಕೆ ಗಾಡಿ ಅಡಿ ಗೋಣಿಚೀಲ ಹಾಸಿ ಮಲಗಿದೆ. ಗರಗಸ ಪೈಪಿನ ಮೇಲಿಟ್ಟು, ರಬ್ಬರು ಯಾವ ದಾರಿಯಲ್ಲಿ ಹೋಗಬೇಕು ಅಂತ ನೋಡಿದರೆ ಬಲಗಡೆ ಉದ್ದಕ್ಕೂ ಕೆಂಡದಂತೆ ಕಾಯುವ ಸೈಲೆನ್ಸರ್. ಮೂರು ಬೆರಳಿನ ಜಾಗವೂ ಇಲ್ಲ. ನಿಮ್ಮ ಕೆಲಸದವನೊಬ್ಬ ಒಮ್ಮೆ ಎಣ್ಣೆ ಪೈಪನ್ನು ಹೀಗೇ ಎಳೆದಿದ್ದ. "ಜನರ ಕುಂಡಿ ಕೆಳಗೆ ಒಲೆ ಹೂಡ್ತೀಯೇನೋ" ಅಂತ ಸ್ಪ್ಯಾನರ್ ಎಸೆದು, ಅವನನ್ನು ಅದೇ ದಿನ ಮನೆಗೆ ಕಳಿಸಿದ್ದಿರಿ. ನಾನು ಟಾರ್ಚ್ ಹಿಡಿದು ಅಲ್ಲೇ ನಿಂತಿದ್ದೆ.

ಗರಗಸ ಕೆಳಗಿಟ್ಟೆ. ನೀವು ಬೇಡ ಅಂದ ತಗಡನ್ನು ಬಿಚ್ಚಿದೆ. ಒಂದು ಬೋಲ್ಟೂ ತುಕ್ಕು ಹಿಡಿದಿರಲಿಲ್ಲ.

ಒಳಗೆ ಎರಡು ಪೈಪುಗಳ ಬಾಯಿಗೂ ಗೇಣುದ್ದದ ಒಂದೇ ರಬ್ಬರ್ ತುಂಡು ಬಾಗಿಸಿ ಸಿಕ್ಕಿಸಿತ್ತು. ಬಿಸಿ ಎಣ್ಣೆ ಹೋದ ದಾರಿಯಲ್ಲೇ ತಿರುಗಿ ಬರುವ ಹಾಗೆ. ಹಳೇ ಕೂಲರ್ ಅದರ ಮೇಲ್ಗಡೆ ಸುಮ್ಮನೆ ಕೂತಿತ್ತು, ಅದರ ಎರಡು ಬಾಯಿಗೂ ಬಟ್ಟೆ ತುರುಕಿತ್ತು. ಎಳೆದು ತೆಗೆದು ಬೆರಳು ಹಾಕಿದೆ. ಒಣ ಧೂಳು. ರಬ್ಬರಿನ ಕ್ಲಿಪ್ಪುಗಳ ಮೇಲೆ ತಾಮ್ರದ ತಂತಿ ಮೂರು ಸುತ್ತು, ತುದಿ ಒಳಗಡೆ ಮಡಚಿತ್ತು, ಕೈಗೆ ಚುಚ್ಚದಿರಲಿ ಅಂತ. ಹಾಗೆ ಮಡಚುವುದನ್ನು ನಾನು ನಿಮ್ಮೊಬ್ಬರ ಕೈಯಲ್ಲಿ ನೋಡಿದ್ದೇನೆ.

ಅತ್ತೆ ಹೋಗುವ ನಾಲ್ಕು ತಿಂಗಳ ಮುಂಚೆ ನಾವೆಲ್ಲ ನಿಮ್ಮಲ್ಲಿಗೆ ಬಂದಿದ್ದಾಗ ಕೂಲರ್ ಸರಿ ಮಾಡಿಕೊಟ್ಟಿರಲ್ಲ, ಆವತ್ತಿನದು ಇದು. ಆಮೇಲೆ ಆ ತಗಡನ್ನು ಯಾರೂ ಬಿಚ್ಚಿಲ್ಲ.

ನೀವು ಆ ದಿನ ಬಾನೆಟ್ ಎತ್ತಿ ಆಡಿದ ಮಾತು ಕೇಳಿ, ನಾನು ಏನಂದೆ ಗೊತ್ತಾ? ಹೆಣ ಇನ್ನೂ ನಡುಮನೆಯಲ್ಲಿತ್ತು. ನೆಂಟರ ಮುಂದೆ ಇವರಿಗೆ ಅಂದೆ: "ನಮ್ಮಪ್ಪ ಚೆನ್ನಾಗಿ ಮಾಡಿಕೊಟ್ಟ ಗಾಡಿ. ದುಡ್ಡಿನಾಸೆಗೆ ಗಾಡೀನೂ ಕೊಂದ್ರಿ, ಹೆತ್ತವಳನ್ನೂ ಕೊಂದ್ರಿ." ನೀವು ಪಕ್ಕದಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದಿರಿ. ಆಗ ನಿಮಗೆ ಕಿವಿ ಕೇಳಿಸುತ್ತಿತ್ತು.

ಇವರಿಗೆ ಇನ್ನೂ ಹೇಳಿಲ್ಲ. ನಾನು ಹೇಳುವುದಿಲ್ಲ. ನೀವೇ ಅವರ ಹೆಸರಿಗೆ ಬರೆಯಬೇಕು.

ಮಗಳು


ಮಾರ್ಚ್ 12

ಅಪ್ಪಾ,

ಮೂರು ವಾರವಾಯಿತು. ಕಾಗದ ಸಿಗಲಿಲ್ಲ ಅನ್ನಬೇಡಿ. ನೀವು ಅದನ್ನು ಓದಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀರಿ, ಊಟ ಅರ್ಧ ಬಿಡುತ್ತೀರಿ ಅಂತ ಅಕ್ಕ ಹೇಳಿದಳು. ಇವರೂ ಅರ್ಧ ಬಿಡುತ್ತಾರೆ, ವರ್ಷದ ಮೇಲಾಯಿತು.

ಗಾಡಿ ಬಿಚ್ಚಿದಂತೆಯೇ ಇದೆ. ಮಗುವಿಗೆ ನಿನ್ನೆಯಿಂದ ಮೈ ಬೆಚ್ಚಗಿದೆ. ಹಾಗಿದ್ದೂ ಜೋಡಿಸಿಲ್ಲ, ಇವರು ಅದನ್ನು ಕಣ್ಣಾರೆ ನೋಡಬೇಕು.

ಬರೆಯಿರಿ.


ಮಾರ್ಚ್ 20

ಅಳಿಯಂದಿರಿಗೆ,

ನಿಮ್ಮ ಹೆಸರಿಗೇ ಬರೆಯಬೇಕು ಅಂತ ಮಗಳ ಆಜ್ಞೆ. ಅವಳು ಹೇಳದಿದ್ದರೆ ನಾನು ಬರೆಯುತ್ತಿರಲಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನೀವೆಲ್ಲ ನನ್ನಲ್ಲಿಗೆ ಬಂದಿದ್ದಾಗ ನಿಮ್ಮ ಗಾಡಿಯ ಕೂಲರ್ ಸೋರುತ್ತಿತ್ತು. ನಿಮ್ಮ ತಾಯಿ, ನಿಮ್ಮ ದೊಡ್ಡಪ್ಪ ಗ್ಯಾರೇಜಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎರಡು ಗಂಟೆ ಕೆಲಸ ಅಂದೆ. ಬಿಚ್ಚಿದ ಮೇಲೆ ನೋಡಿದರೆ ನನ್ನ ಹತ್ತಿರ ಇದ್ದ ಕೂಲರ್ ಅಳತೆಗೆ ಬರಲಿಲ್ಲ. ನೀವು ಸಂಜೆಗೆ ಹೊರಡುವವರು. ಬೀಗರ ಮುಂದೆ ಆಗಲಿಲ್ಲ ಅನ್ನಲು ನಾಲಗೆ ಏಳಲಿಲ್ಲ. ಎರಡು ಪೈಪಿಗೂ ರಬ್ಬರ್ ತುಂಡು ಹಾಕಿ ಗಂಟು ಹಾಕಿದೆ. ಸಮ ರಸ್ತೆಗೆ, ಖಾಲಿ ಗಾಡಿಗೆ ಅದು ನಡೆಯುತ್ತೆ. ಭಾರ ಹೇರಬೇಡಿ, ಏರು ಹತ್ತಬೇಡಿ, ಹದಿನೈದು ದಿನದಲ್ಲಿ ಸರಿಯಾದ್ದು ಕಳಿಸುತ್ತೇನೆ ಅಂತ ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ನಿಮ್ಮ ತಾಯಿ "ಬೀಗರ ಕೈಗುಣ ದೊಡ್ಡದು" ಅಂದರು. ನಾನು ನಕ್ಕು ಸುಮ್ಮನಾದೆ.

ಆಮೇಲೆ ನಾಳೆ ನಾಡಿದ್ದು ಅಂತ ತಳ್ಳಿದೆ. ಏನೂ ಆಗಲಿಲ್ಲವಲ್ಲ ಅಂತ ಮರೆತೆ.

ಆ ದಿನ ಬಾನೆಟ್ ಎತ್ತಿದ ಕೂಡಲೇ ನನಗೆ ಗೊತ್ತಾಯಿತು. ನಾನು ಆಡಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಣ್ಣೆ ಸುಟ್ಟಿತ್ತು, ಗಾಡಿ ಮಿತಿ ಮೀರಿ ದುಡಿದಿತ್ತು. ಆ ಮಿತಿಯನ್ನು ಇಳಿಸಿದವನು ನಾನು ಅನ್ನುವುದನ್ನು ಮಾತ್ರ ಬಿಟ್ಟೆ. ನೀವು ತಲೆ ತಗ್ಗಿಸಿದಿರಿ. ನಾನು ನೋಡಿದೆ.

ಕೂಲರ್ ಇದ್ದಿದ್ದರೆ ಆ ಗಾಡಿ ಎರಡಲ್ಲ, ನಾಲ್ಕು ಟ್ರಿಪ್ ಸಿಮೆಂಟ್ ಹೊತ್ತ ಮೇಲೂ ಏರು ಹತ್ತುತ್ತಿತ್ತು. ಇದು ನಲವತ್ತು ವರ್ಷ ಈ ಕೆಲಸ ಮಾಡಿದವನ ಮಾತು. ನಿಮ್ಮ ತಾಯಿಗೆ ಆಸ್ಪತ್ರೆ ತಪ್ಪಿದ್ದು ನಿಮ್ಮಿಂದ ಅಲ್ಲ.

ಇನ್ನೊಂದಿದೆ. ಮೊನ್ನೆ ಮಗಳಿಗೆ ಸೈಲೆನ್ಸರ್ ಪಕ್ಕದಲ್ಲಿ ರಬ್ಬರ್ ಎಳೆಯಲು ಬರೆದೆ. ಹಳೆಯದು ಅವಳ ಕಣ್ಣಿಗೆ ಬೀಳದಿರಲಿ ಅಂತ. ಮೊಮ್ಮಗಳು ಕೂರುವ ಗಾಡಿ ಅಂತ ಗೊತ್ತಿದ್ದೇ ಬರೆದೆ. ಮೊದಲನೆಯದಕ್ಕೆ ಮರೆವು ಅಂತ ಹೆಸರಿಡಬಹುದು. ಇದಕ್ಕೆ ಏನು ಹೆಸರಿಡಲಿ, ತಿಳಿಯದು.

ಕ್ಷಮಿಸಿ ಅಂತ ಬರೆಯುವುದಿಲ್ಲ. ಬರೆದರೆ ನಿಮ್ಮ ಮೇಲೆ ಇನ್ನೊಂದು ಭಾರ.

ನಿಮ್ಮ ಮಾವ


ಏಪ್ರಿಲ್ 6

ಅಪ್ಪಾ,

ನಿಮ್ಮ ಕಾಗದ ಇವರ ಕೈಗೆ ಕೊಟ್ಟೆ. ಗೋದಾಮಿನಿಂದ ಬಂದವರು ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತು ಓದಿದರು. ಎರಡನೇ ಸಲ ಕೂತು ಓದಿದರು. "ಎಲ್ಲಿದೆ ಅದು?" ಅಂದರು. ಅಂಗಳಕ್ಕೆ ಕರೆದೊಯ್ದು ತೋರಿಸಿದೆ. ನೆಲದ ಮೇಲೆ ಬೆನ್ನು ಹಾಕಿ ಅಡಿಗೆ ಸರಿದರು. ಎಷ್ಟೋ ಹೊತ್ತು ಕಾಲು ಮಾತ್ರ ಕಾಣುತ್ತಿತ್ತು. ಹೊರಗೆ ಬಂದಾಗ ರಬ್ಬರ್ ತುಂಡು ಕೈಯಲ್ಲಿತ್ತು. "ಇಷ್ಟೇನಾ" ಅಂದರು. ಆಮೇಲೆ ಅತ್ತೆಯ ಮಂಚದ ಮೇಲೆ ಹೋಗಿ ಕೂತರು. ಅವರು ಹೋದ ಮೇಲೆ ಆ ಮಂಚದಲ್ಲಿ ಯಾರೂ ಕೂತಿರಲಿಲ್ಲ.

ಈಗ ಎಲ್ಲ ಸರಿಹೋಯಿತು ಅಂದುಕೊಂಡೆ. ಹದಿನಾರು ತಿಂಗಳ ಕಲ್ಲು ಎದೆ ಮೇಲಿಂದ ಇಳಿಯುತ್ತದೆ, ಇವರು ಒಂದು ಸಲ ಜೋರಾಗಿ ಅಳುತ್ತಾರೆ, ನಿಮ್ಮನ್ನು ಬೈಯುತ್ತಾರೆ, ನಾನೂ ಜೊತೆಗೆ ಬೈಯುತ್ತೇನೆ ಅಂತ ಕಾದೆ. ಮೂರು ದಿನ ಎಂದಿನಂತೆ ಗೋದಾಮಿಗೆ ಹೋಗಿ ಬಂದರು. ನಾಲ್ಕನೇ ದಿನ ಮಗುವಿಗೆ ಗಂಜಿ ತಿನ್ನಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದರು: "ಮಾವ ಹೇಳಬೇಕಾದ್ದನ್ನ ಹೇಳ್ಲಿಲ್ಲ. ನೀನು ಹೇಳಬಾರದ್ದನ್ನ ಹೇಳ್ದೆ. ಮಾವ ಕಾಗದ ಬರೆದ್ರು."

ನಿಮ್ಮ ತಪ್ಪು ಹುಡುಕುವುದರಲ್ಲಿ ನಾನು ಎಷ್ಟು ಚುರುಕಾಗಿದ್ದೆ ಅಂದರೆ, ಅದು ಸಿಕ್ಕಿದ ಕೂಡಲೇ ನನ್ನದು ತಾನಾಗಿ ಅಳಿಸಿಹೋಯಿತು ಅಂತಲೇ ನಂಬಿದ್ದೆ.

ಮಗುವಿನ ಜ್ವರ ಆಗಲೇ ಇಳಿದಿತ್ತು. ಗಾಡಿ ಜೋಡಿಸಿದೆ. ಪೈಪು ತೊಳೆದೆ, ನೀವು ಹಿಂದೆ ಕಲಿಸಿದ ಹಾಗೆ. ಹೊಸ ಕೂಲರ್ ಜಾಲರಿಯ ಒಳಗೆ, ರೇಡಿಯೇಟರ್ ಮುಂದೆ, ಅದರದೇ ಜಾಗದಲ್ಲಿ. ಒಂದು ಕ್ಲಿಪ್ಪು ಎರಡು ಸಲ ಜಾರಿತು, ಬೆರಳು ಕೊಯ್ದುಕೊಂಡೆ. ಎಣ್ಣೆ ಹಾಕಿ ಗೇರನ್ನು ಎಲ್ಲ ಮನೆಗೂ ಹಾಕಿ ತೆಗೆದೆ. ಸೋರಲಿಲ್ಲ. ಮೊನ್ನೆ ಮಗುವನ್ನು ಟೈಲರಮ್ಮನ ಹತ್ತಿರ ಬಿಟ್ಟು, ಗಾಡಿಯ ಹಿಂದೆ ಹತ್ತು ಮೂಟೆ ಮರಳು ಹಾಕಿಸಿ, ಒಬ್ಬಳೇ ಏರು ಹತ್ತಿದೆ. ನಾಲ್ಕನೇ ತಿರುವಿನಲ್ಲಿ ವೇಗ ತಗ್ಗಿಸಿ ಮತ್ತೆ ಒತ್ತಿದೆ, ಗೇರು ಹಿಡಿಯಿತು. ಮೇಲೆ ನಿಲ್ಲಿಸಿ ಇಳಿದು ಕೂಲರಿನಿಂದ ಹಿಂತಿರುಗುವ ಪೈಪು ಮುಟ್ಟಿ ನೋಡಿದೆ. ಕೈ ಸುಡಲಿಲ್ಲ.

ಇದನ್ನು ನಿಮಗೆ ಬರೆಯಬೇಕು ಅನ್ನಿಸಿತು, ಯಾಕೆ ಅಂತ ಗೊತ್ತಿಲ್ಲ. ಸದ್ಯಕ್ಕೆ ನೀವು ಇಲ್ಲಿಗೆ ಬರಬೇಡಿ. ಊಟ ಪೂರ್ತಿ ಮಾಡಿ.

ಮಗಳು


ಏಪ್ರಿಲ್ 7

ರೀ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದು ನಗೆಪಾಟಲು. ನಿಮ್ಮ ಊಟದ ಡಬ್ಬಿಯ ಮೇಲಿನ ತಟ್ಟೆಯಲ್ಲಿ ಇಟ್ಟಿದ್ದೇನೆ. ಗೋದಾಮಿನಲ್ಲಿ ಯಾರಾದರೂ ನೋಡಿದರೆ ಸಾಮಾನಿನ ಚೀಟಿ ಅನ್ನಿ.

ಬಾಯಲ್ಲಿ ಹೇಳಲು ಮೂರು ಸಲ ಬಂದೆ. ಬಾಯಿ ತೆರೆದರೆ ಕಾರಣಗಳೇ ಬರುತ್ತವೆ. ಐದು ತಿಂಗಳ ಬಸುರಿಯಾಗಿದ್ದೆ, ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಅಪ್ಪನ ಮಾತು ನಂಬಿದೆ. ಎಲ್ಲ ನಿಜ. ಅಪ್ಪ ಆ ದಿನ ಆಡಿದ್ದೂ ನಿಜವೇ.

ಎಣ್ಣೆ ಸುಟ್ಟಿದೆ ಅಂತ ಅಪ್ಪ ಹೇಳಿದರು. ನೀವು ಕೊಂದಿರಿ ಅಂತ ಹೇಳಲಿಲ್ಲ. ಆ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೆದರಿದ್ದೆ, ಹೆದರಿಕೆಯನ್ನು ಇಡಲು ಒಂದು ಜಾಗ ಬೇಕಿತ್ತು, ನೀವು ಎದುರಿಗಿದ್ದಿರಿ. ನಿಮ್ಮ ಅಮ್ಮ ಇನ್ನೂ ನಡುಮನೆಯಲ್ಲಿದ್ದಾಗ ಅದನ್ನು ಆಡಿದೆ. ಆಮೇಲೆ ಹದಿನಾರು ತಿಂಗಳು ನೀವು ಮೂಟೆ ಹೊತ್ತು ಬರುವುದನ್ನು ನೋಡುತ್ತ, ಒಂದು ದಿನವೂ ವಾಪಸು ತೆಗೆದುಕೊಳ್ಳಲಿಲ್ಲ. ಕೂಲರ್ ಸಿಕ್ಕದಿದ್ದರೆ ಇವತ್ತಿಗೂ ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ನಾಳೆ ಹತ್ತಕ್ಕೆ ಮಗುವನ್ನು ಡಾಕ್ಟರಿಗೆ ತೋರಿಸಬೇಕು. ನಾನು ಓಡಿಸುತ್ತೇನೆ. ನಾಲ್ಕನೇ ತಿರುವು ದಾಟಲು ನಿಮ್ಮ ಕೈಲಾಗದಿದ್ದರೆ ಟೈಲರಮ್ಮ ಮಗುವನ್ನು ಹಿಡಿದುಕೊಳ್ಳಲು ಬರುತ್ತೇನೆ ಅಂದಿದ್ದಾರೆ. ಆಗುವುದಾದರೆ ನೀವು ಬನ್ನಿ, ಪಕ್ಕದಲ್ಲಿ ಕೂರಿ. ಕೂತಿರಿ ಅಂದ ಮಾತ್ರಕ್ಕೆ ಕ್ಷಮಿಸಿದಿರಿ ಅಂತ ನಾನು ತಿಳಿಯುವುದಿಲ್ಲ.

ಇತಿ,
ನಿಮ್ಮವಳು